ಆಯಿಲ್ ರಿಪೋರ್ಟಿನಲ್ಲಿ ಸಿಲಿಕಾನ್ 64, ಕಾಪರ್ 118: ಎಂಜಿನ್ ಬಿಚ್ಚಲೇಬೇಕಾ?

ಸಂಡೂರು ಟಿಪ್ಪರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಟಿಪ್ಪರ್, ಸಂಡೂರು ಕಡೆ ಗಣಿಯಿಂದ ಅದಿರು ಹೊಡೆಯುತ್ತೇವೆ. ಅಪ್ಪ ಇಪ್ಪತ್ತು ವರ್ಷ ಬೇರೆಯವರ ಗಾಡಿ ಓಡಿಸಿ ಮೊದಲನೆಯದನ್ನು ತೆಗೆದುಕೊಂಡರು. ಎರಡನೆಯದು ಬಿಎಸ್6, 2021ರ ಗಾಡಿ, ಇನ್ನೂ ಕಂತು ಕಟ್ಟುತ್ತಿದ್ದೇನೆ. ಪ್ರಶ್ನೆ ಇದರದ್ದೇ.

ಹೋದ ವರ್ಷದಿಂದ ಪ್ರತಿ ಸಲ ಆಯಿಲ್ ಬದಲಾಯಿಸುವಾಗ ಒಂದು ಸಣ್ಣ ಬಾಟಲಿ ಲ್ಯಾಬಿಗೆ ಕಳಿಸುತ್ತೇನೆ. ಈ ಸಲ 410 ಗಂಟೆ ಓಡಿದ 15ಡಬ್ಲ್ಯೂ-40 ಆಯಿಲ್. ಲೆಕ್ಕ ಎಲ್ಲ ಪಿಪಿಎಂನಲ್ಲಿ (ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ ಅಂತ), ಕಂಸದಲ್ಲಿರುವುದು ಹಿಂದಿನ ಸಲದ್ದು:

ಸಿಲಿಕಾನ್ 64 (11), ಕಾಪರ್ 118 (8), ಕಬ್ಬಿಣ 34 (31), ಅಲ್ಯೂಮಿನಿಯಂ 5 (4), ಕ್ರೋಮಿಯಂ 2 (2), ಸೀಸ 3 (3), ತವರ 1ಕ್ಕಿಂತ ಕಡಿಮೆ, ಸೋಡಿಯಂ 7, ಪೊಟ್ಯಾಸಿಯಂ 4. 100 ಡಿಗ್ರಿಯಲ್ಲಿ ವಿಸ್ಕಾಸಿಟಿ (ಆಯಿಲ್ ಎಷ್ಟು ಮಂದ ಇದೆ ಅನ್ನುವುದು) 14.1.

ರಿಪೋರ್ಟಿನಲ್ಲಿ ಸಿಲಿಕಾನ್, ಕಾಪರ್ ಎರಡಕ್ಕೂ ಕೆಂಪು ಗುರುತು ಹಾಕಿದ್ದಾರೆ. ಗ್ಯಾರೇಜಿನವರು ನೋಡಿದ ಕೂಡಲೇ "ಧೂಳು ಒಳಗೆ ಹೋಗಿದೆ, ರಿಂಗ್ ಹೋಗಿದೆ, ಬೇರಿಂಗ್ ಕೂಡ ಹೋಗ್ತಿದೆ, ಬಿಚ್ಚಲೇಬೇಕು" ಅಂದರು. 2 ಲಕ್ಷದ 80 ಸಾವಿರ ಹೇಳಿದ್ದಾರೆ. ಗಾಡಿ ಎಳೆಯುವುದರಲ್ಲಿ ಏನೂ ಕಡಿಮೆ ಇಲ್ಲ. ಆಯಿಲ್ ತಿನ್ನುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಲೈಟ್ ಆರುವುದಕ್ಕೆ ಮೊದಲಿಗಿಂತ ಸ್ವಲ್ಪ ಹೊತ್ತು ಹಿಡಿಯುತ್ತದೆ ಅಂತ ಡ್ರೈವರ್ ಹೇಳಿದ, ಅಷ್ಟೇ. ಬಿಚ್ಚಿಸಲಾ? ದಯವಿಟ್ಟು ತಿಳಿದವರು ಹೇಳಿ.

ಹುಬ್ಬಳ್ಳಿ ಫಿಟ್ಟರ್:
ಅವಸರ ಮಾಡಬೇಡ್ರಿ. ಧೂಳು ಹೋಗಿದ್ದರೆ ಅದು ಏರ್ ಕ್ಲೀನರ್ ದಾಟಿಯೇ ಹೋಗಬೇಕಲ್ರೀ? ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ, ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಳಗೆ ಆಡಿಸಿ. ನಿಮ್ಮ ಕಡೆ ಧೂಳು ಕೆಂಪು, ಒಂದು ಚಿಟಿಕೆ ಇದ್ದರೂ ಬಟ್ಟೆ ಹೇಳುತ್ತದೆ. ಹೋಸಿನ ಮಡಿಕೆಗಳನ್ನು ಬಿಡಿಸಿ ಕ್ರ್ಯಾಕ್ ಇದೆಯಾ ನೋಡ್ರಿ, ಕ್ಲಿಪ್ ಸಡಿಲ ಇದೆಯಾ ನೋಡ್ರಿ. ಆಮೇಲೆ ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್, ಅಂದರೆ ರಿಂಗ್ ದಾಟಿ ಕೆಳಗೆ ಬರುವ ಹೊಗೆ, ಎಷ್ಟಿದೆ ನೋಡ್ರಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು.

ಆ ಆಯಿಲ್ ಲೈಟಿನ ಮಾತು ಮಾತ್ರ ನನಗೆ ಸರಿ ಕಾಣಲಿಲ್ಲ. ಅದನ್ನು ಬಿಡಬೇಡ್ರಿ.

ಪೀಣ್ಯ ಲ್ಯಾಬ್:
ನಾನು ಆಯಿಲ್ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ 9 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎರಡು ವಿಷಯ ಹೇಳಿ ಸಾರ್. ಸ್ಯಾಂಪಲ್ ಹೇಗೆ ತೆಗೆದಿರಿ? ಹಿಂದಿನ ಆಯಿಲ್ ಮತ್ತು ಈ ಆಯಿಲ್ ನಡುವೆ ಗಾಡಿಗೆ ಏನಾದರೂ ಕೆಲಸ ಮಾಡಿಸಿದ್ರಾ? ಸಣ್ಣದಾದರೂ ಹೇಳಿ.

ಸಂಡೂರು ಟಿಪ್ಪರ್:
ಎಂಜಿನ್ ಬಿಸಿ ಇರುವಾಗಲೇ ಡ್ರೈನ್ ಬಿಚ್ಚಿ, ಮೊದಲು ಬಂದ ಆಯಿಲ್ ಬಿಟ್ಟು ಮಧ್ಯದಲ್ಲಿ ಹಿಡಿದೆ. ಬಾಟಲಿ ಲ್ಯಾಬಿನವರೇ ಕೊಟ್ಟಿದ್ದು.

ಕೆಲಸ ಅಂದರೆ, ಆಯಿಲ್ ಕೂಲರ್ ಹೊಸದು ಹಾಕಿದ್ದೆವು. ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಪ್ಯಾಕಿಂಗ್ ಕೂಡ ಲೀಕ್ ಇತ್ತು. ಪ್ಯಾಕಿಂಗ್ ಸಿಗಲಿಲ್ಲ ಅಂತ ಸಿಲಿಕಾನ್ ಗಮ್ ಹಚ್ಚಿ ಕೂರಿಸಿದರು.

ಅಣ್ಣಾ, ಬಟ್ಟೆ ಹಾಕಿ ನೋಡಿದೆ. ಬಿಳಿಯಾಗೇ ಬಂತು. ಬ್ಯಾಕ್ ಕಂಪ್ರೆಷನ್ ಕೂಡ ಇಲ್ಲ.

ಪೀಣ್ಯ ಲ್ಯಾಬ್:
ಹಾಗಾದರೆ ನಿಮ್ಮ ಎರಡೂ ಕೆಂಪು ಗುರುತಿಗೆ ಕಾರಣ ಅಲ್ಲೇ ಇದೆ ಸಾರ್.

ಮಣ್ಣಿನ ಧೂಳಿನಲ್ಲಿ ಸಿಲಿಕಾನ್ ಒಂದೇ ಇರುವುದಿಲ್ಲ, ಜೊತೆಗೆ ಅಲ್ಯೂಮಿನಿಯಂ ಇದ್ದೇ ಇರುತ್ತದೆ. ಧೂಳಿನಿಂದಲೇ ಸಿಲಿಕಾನ್ 64ಕ್ಕೆ ಏರಿದ್ದರೆ ಅಲ್ಯೂಮಿನಿಯಂ 5ರಲ್ಲಿ ನಿಲ್ಲುತ್ತಿರಲಿಲ್ಲ. ಧೂಳು ರಿಂಗನ್ನು ಕೆರೆದು ಕ್ರೋಮಿಯಂ ಏರುತ್ತದೆ, ಲೈನರ್ ಕೆರೆದು ಕಬ್ಬಿಣ ಏರುತ್ತದೆ. ಅದರ ಮೇಲೆ ನಿಮ್ಮದು ಅದಿರಿನ ಧೂಳು, ಅದರಲ್ಲೇ ಕಬ್ಬಿಣ ತುಂಬಿದೆ. ಆದರೂ ನಿಮ್ಮ ಕಬ್ಬಿಣ 31ರಿಂದ 34 ಅಷ್ಟೇ. ಈ ಸಿಲಿಕಾನ್ ಹೊಸ ಗಮ್ಮಿನಿಂದ ಆಯಿಲಿಗೆ ಬಿಟ್ಟುಕೊಂಡದ್ದು. ಅದು ಮೆತ್ತಗಿನ ವಸ್ತು, ಮರಳಿನ ಹಾಗೆ ಕೆರೆಯುವುದಿಲ್ಲ.

ಕಾಪರ್ ಕೂಡ ಹಾಗೆಯೇ. ಬೇರಿಂಗ್ ಸವೆದರೆ ಸೀಸ ಅಥವಾ ತವರವೂ ಸಾಮಾನ್ಯವಾಗಿ ಮೇಲೆ ಬರುತ್ತದೆ. ನಿಮ್ಮಲ್ಲಿ ಎರಡೂ ಅಲ್ಲಾಡಿಲ್ಲ. ಹೊಸ ಕೂಲರಿನ ತಾಮ್ರವನ್ನು ಆಯಿಲಿನ ರಾಸಾಯನಿಕಗಳು ಕರಗಿಸಿಕೊಳ್ಳುತ್ತವೆ. ತಾಮ್ರದ ಮೇಲೆ ಒಂದು ಪದರ ಕಟ್ಟಿಕೊಂಡ ಮೇಲೆ ತಾನಾಗೇ ಇಳಿಯುತ್ತದೆ. ಕೂಲರ್ ಒಳಗೆ ಲೀಕ್ ಆಗಿ ಕೂಲೆಂಟ್ ಸೇರಿದ್ದರೆ ಸೋಡಿಯಂ ಅಥವಾ ಪೊಟ್ಯಾಸಿಯಂ ಏರಬೇಕಿತ್ತು, ಅದೂ ಇಲ್ಲ. 15ಡಬ್ಲ್ಯೂ-40 ಆಯಿಲಿಗೆ ವಿಸ್ಕಾಸಿಟಿ 12.5ರಿಂದ 16.3ರ ಒಳಗೆ ಇರಬೇಕು. 14.1 ಅಂದರೆ ಡೀಸೆಲ್ ಸೇರಿ ತೆಳುವಾಗಿಲ್ಲ.

ಆದರೆ ಒಂದು ಮಾತು. ನಮ್ಮ ಮೆಷಿನ್ನಿಗೆ 5ರಿಂದ 8 ಮೈಕ್ರಾನ್‌ಗಿಂತ ದಪ್ಪ ಚೂರು ಸರಿಯಾಗಿ ಕಾಣುವುದಿಲ್ಲ. ಫಿಲ್ಟರ್ ಕೊಯ್ದು ಒಳಗೆ ನೋಡಿ. ಲೋಹದ ಹೊಳಪು ಇಲ್ಲದಿದ್ದರೆ ಎಂಜಿನ್ ಬಿಚ್ಚುವುದು ಬೇಡ.

ಮಂಗಳೂರು ಟ್ರೇಲರ್:
ಇದೇ ಥರ ಗಾಬರಿ ನಮಗೂ ಆಗಿತ್ತು, ಬೇರೆ ಕಾರಣಕ್ಕೆ. ಹೊಸ ಬಿಎಸ್6 ಗಾಡಿಯ ಮೊದಲ ರಿಪೋರ್ಟಿನಲ್ಲಿ ಅಲ್ಯೂಮಿನಿಯಂ, ಪೊಟ್ಯಾಸಿಯಂ ಎರಡೂ ಜಾಸ್ತಿ. ಪಿಸ್ಟನ್ ಸವೆದು ಕೂಲೆಂಟ್ ಸೇರಿದೆ ಅಂತ ಹೆಡ್ ಬಿಚ್ಚುವುದಕ್ಕೇ ಹೊರಟಿದ್ದರು. ಅದು ಇಂಟರ್‌ಕೂಲರ್ ಬೆಸುಗೆಗೆ ಹಾಕುವ ಪುಡಿಯಿಂದ ಬಂದದ್ದು. ಮೂರನೇ ಆಯಿಲಿಗೆ ಹೋಯಿತು. ಹೊಸ ಗಾಡಿಯವರು ಇದನ್ನು ನೆನಪಿಟ್ಟುಕೊಳ್ಳಿ.

ಹುಬ್ಬಳ್ಳಿ ಫಿಟ್ಟರ್:
ಲ್ಯಾಬಿನ ಮೇಡಂ ಹೇಳಿದ್ದು ಸರಿ, ಆದರೆ ಗಮ್ ಅಂದ ಕೂಡಲೇ ನನಗೆ ಆ ಲೈಟ್ ನೆನಪಾಯಿತು. ಚೇಂಬರಿನ ಹೊರಗಡೆ ಅಂಚು ನೋಡ್ರಿ. ಗಮ್ ಎಷ್ಟು ದಪ್ಪ ಹೊರಗೆ ಉಬ್ಬಿದೆಯೋ ಒಳಗೂ ಅಷ್ಟೇ ಉಬ್ಬಿರುತ್ತದೆ. ಒಳಗಿನದು ಬಿಸಿ ಆಯಿಲಿನಲ್ಲಿ ಕಿತ್ತುಕೊಂಡು, ಪಂಪ್ ಆಯಿಲ್ ಎಳೆಯುವ ಬಾಯಲ್ಲಿರುವ ಸ್ಟ್ರೈನರ್ ಜಾಲರಿಗೆ ಹೋಗಿ ಕೂರುತ್ತದೆ. ಆಗ ಆಯಿಲ್ ಒತ್ತಡ ಏರುವುದು ತಡ, ಲೈಟ್ ಆರುವುದೂ ತಡ. ಹಾಗೆ ಹಸಿದ ಪಂಪಿನಿಂದ ಬೇರಿಂಗ್ ಹಿಡಿದ ಎಂಜಿನ್ನುಗಳನ್ನು ನಾನು ಕೈಯಾರೆ ಬಿಚ್ಚಿದ್ದೇನೆ. ಗಾಡಿ ನಿಲ್ಲಿಸ್ರಿ. ಎಂಜಿನ್ ಬೇಡ, ಚೇಂಬರ್ ಒಂದು ಇಳಿಸ್ರಿ. ಲೋಡ್ ಹೋದರೆ ಹೋಗಲಿ.

ಸಂಡೂರು ಟಿಪ್ಪರ್:
ಅಣ್ಣಾ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಹೊರಗಿನ ಅಂಚಿನಲ್ಲಿ ನೀಲಿ ಗಮ್ ಕಿರುಬೆರಳಿನಷ್ಟು ದಪ್ಪ ಇತ್ತು. ಬೇರೆ ಗ್ಯಾರೇಜಿನಲ್ಲಿ ಚೇಂಬರ್ ಇಳಿಸಿದೆವು. ಸ್ಟ್ರೈನರ್ ಜಾಲರಿಯ ಮೇಲೆ ಶಾವಿಗೆ ಎಳೆ ಹಾಗೆ ನೀಲಿ ತುಂಡುಗಳು, ಮೂರನೇ ಒಂದು ಭಾಗ ಮುಚ್ಚಿತ್ತು. ಅಪ್ಪ ಒಂದೊಂದಾಗಿ ಕಿತ್ತು ಅಂಗೈಯಲ್ಲಿಟ್ಟುಕೊಂಡು ಸುಮಾರು ಹೊತ್ತು ಸುಮ್ಮನೆ ನೋಡಿದರು. ಫಿಲ್ಟರ್ ಕೊಯ್ದು ಬಿಸಿಲಿಗೆ ಹಿಡಿದೆವು, ಹೊಳಪು ಇರಲಿಲ್ಲ.

ಹೊಸಪೇಟೆಯಲ್ಲಿ ಸರಿಯಾದ ಪ್ಯಾಕಿಂಗ್ ಸಿಕ್ಕಿತು. ಹಾಕಿ, ಹೊಸ ಆಯಿಲ್ ತುಂಬಿ 250 ಗಂಟೆ ಓಡಿಸಿ ಮತ್ತೆ ಸ್ಯಾಂಪಲ್ ಕಳಿಸಿದ್ದೆ. ಇವತ್ತು ಬಂತು: ಸಿಲಿಕಾನ್ 19, ಕಾಪರ್ 52, ಕಬ್ಬಿಣ 20, ಸೀಸ 2. ಬೆಳಿಗ್ಗೆ ಲೈಟ್ ಮೊದಲಿನ ಹಾಗೆ ತಕ್ಷಣ ಆರುತ್ತಿದೆ.