ಪದಚರ್ಚೆ: ವಾಡೆಗೆ ಮಾಡಿಸುವುದು ನವೀಕರಣವೋ, ಜೀರ್ಣೋದ್ಧಾರವೋ, ಮರಾಮತ್ತೋ?

ಎಲ್ಲರಿಗೂ ಶರಣು.

ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಗೌಡರ ವಾಡೆಯನ್ನು, ಅಂದರೆ ಹಳೆಯ ಕಾಲದ ದೊಡ್ಡ ಮನೆಯನ್ನು, ಆ ಮನೆತನದವರು ಸರಿಪಡಿಸಲು ಹೊರಟಿದ್ದಾರೆ. ಹೊರ ಅಂಗಳ ಮದುವೆ, ನಿಶ್ಚಿತಾರ್ಥ, ಸಭೆಗಳಿಗೆ ಸಿಗಬೇಕು. ಒಳಗಿನ ಪಡಸಾಲೆ, ದಿವಾನಖಾನೆ, ಕಾಳು ತುಂಬಿಡುವ ನೆಲದಡಿಯ ಹಗೇವುಗಳನ್ನು ಹೊರಗಿನಿಂದ ಬಂದವರು ನೋಡುವಂತಾಗಬೇಕು ಎಂಬುದು ಅವರ ಆಸೆ. ಕರಾರುಪತ್ರ, ಬೋರ್ಡು, ವಿವರಣೆ ಫಲಕಗಳ ಕನ್ನಡ ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಕರಾರಿನ ತಲೆಬರಹ ‘ವಾಡೆಯ ನವೀಕರಣ ಕಾಮಗಾರಿ’ ಎಂದಿದೆ. ನನ್ನ ತಕರಾರು ಇರುವುದು ಈ ‘ನವೀಕರಣ’ದ ಮೇಲೆ.

ಕೆಲಸಗಾರರು ಆ ಪದವನ್ನು ಅದಕ್ಕಿರುವ ಅರ್ಥದಲ್ಲೇ ತೆಗೆದುಕೊಂಡರು. ಪಡಸಾಲೆಯ ಒಂದು ಗೋಡೆಯ ಗಚ್ಚು ಕೆತ್ತಿ ಸಿಮೆಂಟಿನ ಗಿಲಾವು ಬಳಿದರು. ಒಂದು ಮಳೆಗಾಲ ಕಳೆಯುವುದರೊಳಗೆ ಅದು ಹಪ್ಪಳದಂತೆ ಉಬ್ಬಿತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ತುಂಡು ಎಬ್ಬಿಸಿ ನೋಡಿದಾಗ ಹಿಂದೆಲ್ಲ ಬಿಳಿ ಉಪ್ಪು, ಅದರ ಹಿಂದೆ ಒದ್ದೆ ಮಣ್ಣು. ಸುಣ್ಣದ ಗಚ್ಚು ಗೋಡೆಯ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುತ್ತದೆ. ನೀರಿನ ಜೊತೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಗೋಡೆಯನ್ನು ತಿನ್ನುತ್ತದೆ. ಮೇಸ್ತ್ರಿಯವರನ್ನು ಕೇಳಿದರೆ, “ಹೊಸಾದು ಮಾಡ್ರಿ ಅಂತ ನೀವೇ ಬರದೀರಲ್ರೀ, ಮತ್ತ ಹಳೀದು ಯಾಕ ಇಡಬೇಕು?” ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ನವೀಕರಣ ಎಂದರೆ ಹೊಸದಾಗಿಸುವುದೇ. ಲೈಸೆನ್ಸಿಗೂ ನವೀಕರಣ, ವಿಮೆಗೂ ನವೀಕರಣ. ಅಲ್ಲಿ ಹಳೆಯ ಕಾಗದ ತೆಗೆದು ಹೊಸದು ಕೊಟ್ಟರೆ ಕೆಲಸ ಮುಗಿಯಿತು. ವಾಡೆಯಲ್ಲಿ ಹಳೆಯದೇ ಆಸ್ತಿ.

‘ಜೀರ್ಣೋದ್ಧಾರ’ ಎಂದು ತಿದ್ದೋಣವೆಂದರೆ ಮನೆತನದ ಹಿರಿಯರು ಒಪ್ಪಲಿಲ್ಲ. “ಅದು ಗುಡಿಗೆ ಅನ್ನೋ ಮಾತು, ಮನೆಗಲ್ಲ” ಎಂದರು. ನಮ್ಮ ಕಡೆ ಬಳಕೆ ಇರುವುದೂ ಹಾಗೆಯೇ. ಜೀರ್ಣವಾದದ್ದನ್ನು ಮೇಲೆತ್ತುವುದು ಎಂಬ ಅರ್ಥದಲ್ಲಿ ದೇವರ ಮಾತೇನೂ ಇಲ್ಲ, ಆದರೂ ಕಿವಿಗೆ ಗುಡಿಯೇ ಕೇಳಿಸುತ್ತದೆ.

ಇಲ್ಲಿ ಒಂದು ಹಳೆಯ ಸಾಕ್ಷಿ ಮುಂದಿಡುತ್ತೇನೆ. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚೆನ್ನಾಗಿ ಗೊತ್ತು. ಅದರ ಜೋಡಿ ರೂಪ ‘ಖಂಡಸ್ಫುಟಿತ ನವಕರ್ಮ’. ಹಾಗಾದರೆ ‘ನವ’ ಎಂಬುದು ದುರಸ್ತಿಯ ಅರ್ಥದಲ್ಲಿ ಮೊದಲಿನಿಂದಲೂ ಇದೆ, ನವೀಕರಣವನ್ನು ದೂರುವುದೇಕೆ ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ ಇದು: ಶಾಸನದಲ್ಲಿ ನವಕರ್ಮಕ್ಕೆ ಬೇಲಿ ಇದೆ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರಿದದ್ದು; ಹೊಸ ಕೆಲಸ ಅಷ್ಟಕ್ಕೆ ಮಾತ್ರ. ಗಟ್ಟಿಯಾಗಿ ನಿಂತ ಗೋಡೆಯನ್ನು ಮುಟ್ಟುವ ಮಾತೇ ಅದರಲ್ಲಿಲ್ಲ. ಇಂದಿನ ನವೀಕರಣಕ್ಕೆ ಆ ಬೇಲಿ ಇಲ್ಲ. ದಾನಪತ್ರ ಬರೆದವರು ಎರಡೇ ಪದದಲ್ಲಿ ಹಾಕಿದ ಕಟ್ಟನ್ನು ನಾವು ಇಡೀ ಪುಟದ ಕರಾರಿನಲ್ಲಿ ಹಾಕಲಾಗದೆ ಹೋಗಿದ್ದೇವೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ನನ್ನ ಒಲವು ‘ಮರಾಮತ್ತು’ ಕಡೆಗಿದೆ. ಅರಬ್ಬಿ ಮೂಲದ ಪದ, ಉರ್ದುವಿನಿಂದ ಬಂದದ್ದು, ಹಳೆಯ ಮೈಸೂರಿನ ಕಾಗದಗಳಿಗೂ ಹೊಸದಲ್ಲ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಗಳ ಹಿರಿಯರ ಬಾಯಲ್ಲಿ ಈಗಲೂ ‘ಮರಮ್ಮತ್’ ಇದೆ. ಹೊಸದು ಮಾಡು ಎಂಬ ಸೂಚನೆ ಅದರಲ್ಲಿಲ್ಲ, ಕೆಟ್ಟದ್ದನ್ನು ಸರಿಮಾಡು ಎಂದಷ್ಟೇ. ಆದರೆ ಒಂದೇ ಪದ ಸಾಲದು. 1979ರಲ್ಲಿ ಆಸ್ಟ್ರೇಲಿಯಾದ ಬರಾ ಎಂಬ ಊರಿನಲ್ಲಿ ಒಪ್ಪಿದ ಸಂರಕ್ಷಣಾ ಸನ್ನದು ಈ ಕೆಲಸಗಳನ್ನು ಬಿಡಿಸಿ ಹೇಳುತ್ತದೆ: ಹೊಸ ಸಾಮಗ್ರಿ ಸೇರಿಸದೆ ಮೊದಲಿನ ಸ್ಥಿತಿಗೆ ತರುವುದು ಬೇರೆ, ಸೇರಿಸಿ ಮತ್ತೆ ಕಟ್ಟುವುದು ಬೇರೆ, ಹೊಸ ಬಳಕೆಗೆ ಹೊಂದಿಸುವುದು ಬೇರೆ. ವಾಡೆಯಲ್ಲಿ ಮೂರೂ ಇವೆ. ಕಂಬದ ತಲೆಯಿಂದ ಕಳಚಿಬಿದ್ದ ಬೋದಿಗೆಯನ್ನು ಅದೇ ಕಂಬದ ಮೇಲೆ ಕೂರಿಸುವುದು ಮೊದಲನೆಯದು. ಬಿದ್ದ ಮೂಲೆಗೋಡೆ ಕಟ್ಟುವುದು ಎರಡನೆಯದು. ಮದುವೆ ಜನಕ್ಕೆ ಶೌಚಾಲಯ, ವೈರಿಂಗು, ಗಾಲಿಕುರ್ಚಿ ಹತ್ತುವ ಇಳಿಜಾರು, ಇವು ಮೂರನೆಯದು. ಮೊದಲ ಎರಡಕ್ಕೆ ‘ಮರುಜೋಡಣೆ’, ‘ಮರುಕಟ್ಟಣೆ’ ಎಂದು ಬರೆದುಕೊಂಡಿದ್ದೇನೆ. ಮೂರನೆಯದಕ್ಕೆ ‘ಮಾರ್ಪಾಡು’ ಎಂದರೆ ಗೋಡೆ ಒಡೆಯಲು ಪರವಾನಿಗೆ ಕೊಟ್ಟಂತಾಗುತ್ತದೆ, ‘ಅಳವಡಿಕೆ’ ಎಂದರೆ ಬರೀ ಫ್ಯಾನು ಕೂರಿಸಿದಂತೆ ಕೇಳುತ್ತದೆ. ಇದಕ್ಕೆ ನಿಮ್ಮಲ್ಲಿ ಒಳ್ಳೆಯ ಪದವಿದ್ದರೆ ದಯವಿಟ್ಟು ಕೊಡಿ.

ಇನ್ನೊಂದು ಪ್ರಶ್ನೆ ‘ದೇವಡಿ’ಯದು. ಮನೆತನದ ಹಳೆಯ ಖರ್ಚಿನ ಲೆಕ್ಕದಲ್ಲಿ ‘ದೇವಡಿ ಮರಮ್ಮತ್’ ಎಂದು ಒಂದು ದೊಡ್ಡ ಮೊತ್ತ ಇದೆ. ಊರಿನಲ್ಲಿ ದೇವಡಿ ಎಂದರೆ ಬಾಗಿಲ ಪಕ್ಕದ ಕಟ್ಟೆ, ಕಾವಲಿನವರು ಕೂರುವ ಜಾಗ. ಹೈದರಾಬಾದಿನಲ್ಲಿ ಅಮೀರರ ಇಡೀ ಹವೇಲಿಯೇ ದೇವಡಿ. ಲೆಕ್ಕ ಬರೆದವರು ಯಾವ ಅರ್ಥದಲ್ಲಿ ಬರೆದರು? ಬಾಗಿಲಷ್ಟೇ ಆದರೆ ಒಳಗಿನ ತೇಗದ ತೊಲೆಗಳು ಇನ್ನೂ ಹಳೆಯವು. ಇಡೀ ವಾಡೆಯಾದರೆ ಫಲಕದಲ್ಲಿ ಬರೆಯುವ ಕಾಲವೇ ಬದಲಾಗುತ್ತದೆ. ಬೀದರ, ಕಲಬುರಗಿ ಕಡೆ ಕನ್ನಡ ಬರಹದಲ್ಲಿ ದೇವಡಿ ಪೂರ್ತಿ ಮನೆಗೆ ಬಂದ ಉದಾಹರಣೆ ಯಾರಾದರೂ ಕಂಡಿದ್ದೀರಾ?

ಬೋರ್ಡಿಗೆ ‘ಪ್ಯಾಲೇಸ್’ ಹಾಕೋಣ ಎಂಬ ಸಲಹೆಯೂ ಬಂದಿದೆ. ನಾನು ‘ವಾಡೆ’ಯನ್ನು ಬಿಡಬಾರದೆಂದು ಹೇಳಿದ್ದೇನೆ. ಸುರಪುರದ ಗುಡ್ಡದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಮನೆ ಇಂದಿಗೂ ಟೇಲರ್ ಮಂಜಿಲ್, ಬೀದರ ಕೋಟೆಯೊಳಗಿನದು ರಂಗೀನ್ ಮಹಲ್. ಹೆಸರು ಹಾಗೇ ಇದ್ದುದರಿಂದ ಯಾರೂ ದಾರಿ ತಪ್ಪಿಲ್ಲ.

ಕೊನೆಯದಾಗಿ, ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಮಣ್ಣು ಹಾಕಿ ತುಳಿದು ಗಟ್ಟಿ ಮಾಡುವ ಕೆಲಸಕ್ಕೆ, ಗಚ್ಚು ಅರೆಯುವಾಗ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸುವುದಕ್ಕೆ ನಿಮ್ಮೂರಿನ ಗೌಂಡಿಗಳು (ಗೋಡೆ ಕಟ್ಟುವವರು) ಏನೆನ್ನುತ್ತಾರೆ? ಪದದ ಜೊತೆ ತಾಲ್ಲೂಕಿನ ಹೆಸರೂ ಬರೆಯಿರಿ. ಕರಾರನ್ನು ತಿದ್ದಿ ಬರೆಯುವಾಗ ಕೆಲಸಗಾರರ ಮಾತನ್ನೇ ಹಾಕಬೇಕೆಂದಿದ್ದೇನೆ.