ಪದಚರ್ಚೆ: ಹಬ್ಬದ ಊಟದ ಪಟ್ಟಿಗೆ "ಹಳೇ ಅಡುಗೆ" ಅನ್ನಬಹುದೇ? ಕಜ್ಜಾಯವೋ ಅತಿರಸವೋ?

> ದೀಪಾವಳಿಗೆ ಮನೆಮಂದಿಯೆಲ್ಲ ಸೇರುತ್ತಿದ್ದೇವೆ. ಈ ಸಲ ಅಜ್ಜಿ ಮಾಡುತ್ತಿದ್ದ ಕಜ್ಜಾಯ, ಹಾಲುಬಾಯಿ, ಮೆಣಸಿನ ಸಾರನ್ನೂ ಊಟಕ್ಕೆ ಸೇರಿಸಿದ್ದೇವೆ. ಪಟ್ಟಿ ಅಚ್ಚು ಹಾಕಿಸಬೇಕು. ಇವುಗಳಿಗೆ ತಲೆಬರಹ "ಹಳೇ ಅಡುಗೆ" ಸಾಕೇ, "ಸಾಂಪ್ರದಾಯಿಕ ಖಾದ್ಯಗಳು" ಬೇಕೇ? ಕಜ್ಜಾಯವನ್ನು ಅತಿರಸ ಅಂತ ಬರೆಯಬೇಕೇ? ನಾಳೆ ಬೆಳಗ್ಗೆ ಅಚ್ಚಿಗೆ ಕೊಡಬೇಕು.

"ಹಳೇ ಅಡುಗೆ" ಖಂಡಿತ ಬೇಡ. ಊಟಕ್ಕೆ ಕೂತವರು ಅದನ್ನು ನಿನ್ನೆ ಉಳಿದದ್ದು ಅಂತಲೇ ಓದುತ್ತಾರೆ. ಹಳೇ ಅಕ್ಕಿ, ಹಳೇ ಹುಣಸೆಹಣ್ಣು ಅಂದರೆ ಹೊಗಳಿಕೆ. ಬೇಯಿಸಿದ್ದಕ್ಕೆ "ಹಳೇ" ಸೇರಿತೋ, ಅದು ದೂರು. ಹಳೆ, ಹಳಮೆ, ಹಳಸು ಎಲ್ಲ ಒಂದೇ ಬೇರಿನವು, ಹಳಗನ್ನಡದ ಪೞ. ನಡುವೆ "ಕಾಲದ" ಸೇರಿಸಿದರೆ ತೊಂದರೆ ಹೋಯಿತು. "ಹಳೇ ಕಾಲದ ಅಡುಗೆ" ಅಂದಾಗ ಹಳತಾದದ್ದು ಕಾಲ, ಅಡುಗೆಯಲ್ಲ. ನಿಮ್ಮ ಮನೆಗೆ "ಅಜ್ಜಿ ಕಾಲದ ಅಡುಗೆ" ಇನ್ನೂ ಚೆನ್ನಾಗಿ ಒಪ್ಪುತ್ತದೆ.

"ಸಾಂಪ್ರದಾಯಿಕ ಖಾದ್ಯಗಳು" ವ್ಯಾಕರಣಕ್ಕೆ ಸರಿ, ಮನೆ ಊಟಕ್ಕೆ ಸರಿಯಲ್ಲ. ಹೋಟೆಲಿನ ಬೋರ್ಡಿನ ಮಾತು ಅದು. ಹಾಕಲೇಬೇಕು ಅಂದರೆ ಮೊದಲಿನ ದೀರ್ಘ ಬಿಡಬೇಡಿ. "ಸಂಪ್ರದಾಯಿಕ" ತಪ್ಪು.

ಇನ್ನು ಕಜ್ಜಾಯ. ಇಲ್ಲಿ ಈಗಾಗಲೇ ಒಬ್ಬರು "ಅದು ಸಂಸ್ಕೃತದಿಂದ ಬಂದದ್ದು, ಸಿಹಿತಿಂಡಿ ಎಂದು ಬರೆಯಿರಿ" ಎಂದಿದ್ದಾರೆ. ಒಪ್ಪಲಾಗದ ಸಲಹೆ. ಮೈಸೂರು ಪಾಕೂ ಸಿಹಿತಿಂಡಿಯೇ, ಲಾಡೂ ಸಿಹಿತಿಂಡಿಯೇ. ಎಲೆಯ ಮೇಲೆ ಏನು ಬೀಳುತ್ತದೆ ಅಂತ ಹೇಳದ ಪಟ್ಟಿ ಯಾಕೆ ಬೇಕು?

ಬೇರಿನ ಮಾತಿಗೆ ಬಂದರೆ, ಸಂಸ್ಕೃತದ ಖಾದ್ಯ ಪ್ರಾಕೃತದಲ್ಲಿ ಖಜ್ಜ ಆಯಿತು. ಕನ್ನಡದ ಬಾಯಿಗೆ ಬಂದಾಗ ಮಹಾಪ್ರಾಣ ಉದುರಿತು, ಕಜ್ಜಾಯ ನಿಂತಿತು. ತಿನ್ನುವಂಥದ್ದು ಅನ್ನುವ ಆ ಹಳೆಯ ಅರ್ಥ ಪಂಚಕಜ್ಜಾಯದಲ್ಲಿ ಇನ್ನೂ ಉಳಿದಿದೆ. ಅದರಲ್ಲಿ ಕರಿದದ್ದು ಏನೂ ಇಲ್ಲ ಅಲ್ವಾ? ಕಡಲೆ, ಬೆಲ್ಲ, ಕೊಬ್ಬರಿ, ಎಳ್ಳು, ತುಪ್ಪ, ಅಷ್ಟೇ. ಅಂದರೆ ಖಾದ್ಯವೂ ಕಜ್ಜಾಯವೂ ಒಂದೇ ಪದದ ಎರಡು ರೂಪ. ಒಂದು ಕನ್ನಡದಲ್ಲಿ ಅರಗಿದೆ, ಇನ್ನೊಂದು ಅರಗಿಲ್ಲ. ಹೀಗೆ ರೂಪ ಬದಲಿಸಿ ಕನ್ನಡವಾದ ಪದಗಳಿಗೆಂದೇ ಕೇಶಿರಾಜ 13ನೇ ಶತಮಾನದಲ್ಲಿ ತನ್ನ ವ್ಯಾಕರಣ ಶಬ್ದಮಣಿದರ್ಪಣದೊಳಗೆ ಅಪಭ್ರಂಶ ಪ್ರಕರಣ ಬರೆದ. ಅವನು ಒಳಗೆ ಬಿಟ್ಟುಕೊಂಡವನ್ನು ಹೊರಗೆ ಹಾಕಲು ಹೊರಡುವುದು ಕನ್ನಡದ ಕೆಲಸವಲ್ಲ.

ಹೀಗೇ ಸಂಸ್ಕೃತದ ಪದಗಳನ್ನು ಸೋಸುತ್ತಾ ಹೋದರೆ ಕಜ್ಜಾಯ ಮಾಡುವುದಕ್ಕೂ ಆಗುವುದಿಲ್ಲ. ನೆನೆಸಿದ ಅಕ್ಕಿಯನ್ನು ಬಟ್ಟೆಯ ಮೇಲೆ ನೆರಳಲ್ಲಿ ಹರಡಿ, ಇನ್ನೂ ಪಸೆ ಇರುವಾಗಲೇ ಹಿಟ್ಟು ಮಾಡಬೇಕು. ಬೆಲ್ಲ ಕುದಿಯುವಾಗ ಒಂದು ತೊಟ್ಟು ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡಬೇಕು. ಮೆತ್ತಗೆ ಉಂಡೆ ಕಟ್ಟಿದರೆ ಅದು ಉಂಡೆಪಾಕ, ಆಗ ಹಿಟ್ಟು ಸುರಿಯಬೇಕು. ಉಂಡೆ ಕನ್ನಡದ್ದು, ಪಾಕ ಸಂಸ್ಕೃತದ್ದು. ಎಳೆಪಾಕವೂ ಹಾಗೇ. ಒಲೆ ಮುಂದೆ ನಿಂತವರು ಯಾರಾದರೂ ಈ ಎರಡನ್ನು ಬಿಡಿಸಿ ನೋಡಿದ್ದಾರಾ? ಪಾಕಕ್ಕೆ ಅಚ್ಚಗನ್ನಡ ಪದ ಕಟ್ಟಿ ಕೊಡುತ್ತೇನೆ ಅನ್ನುವವರು ಮೊದಲು ಪಾಕ ಹಿಡಿಯಲು ಕಲಿಯಲಿ.

ಅತಿರಸ ತಮಿಳಿನ ಕಡೆ ಓಡಾಡುವ ಹೆಸರು, ಕರಾವಳಿಯಲ್ಲಿ ಅತ್ರಾಸ. ಬೆಂಗಳೂರು, ಮೈಸೂರು ಕಡೆ ಕಜ್ಜಾಯ ಬಿಟ್ಟರೆ ದೀಪಾವಳಿಯೇ ಇಲ್ಲ. ನಿಮ್ಮ ಅಜ್ಜಿ ಏನು ಕರೆದರೋ ಅದನ್ನೇ ಹಾಕಿ. ಹೋಳಿಗೆ, ಒಬ್ಬಟ್ಟಿನ ಜಗಳಕ್ಕೂ ನನ್ನ ಉತ್ತರ ಇದೇ.

ನೀವು ಕೇಳದೇ ಇದ್ದದ್ದು ಒಂದಿದೆ, ಅದೇ ನಿಜವಾದ ತೊಡಕು. "ಮೆಣಸಿನ ಸಾರು" ಅಂದರೆ ಮೈಸೂರಿನವರಿಗೆ ಕರಿಮೆಣಸು. ದಕ್ಷಿಣ ಕನ್ನಡದ ನೆಂಟರಿಗೆ ಮೆಣಸು ಅಂದರೆ ಕೆಂಪು ಮೆಣಸಿನಕಾಯಿ, ಕರಿಯದು ಒಳ್ಳೆಮೆಣಸು. ಮೆಣಸಿನಕಾಯಿ ಅಮೆರಿಕದ ಬೆಳೆ, ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ಬಂತು. ಅದಕ್ಕೂ ಮೊದಲು ಇಲ್ಲಿಯ ಸಾರಿಗೆ ಖಾರ ಕೊಟ್ಟದ್ದು ಮೆಣಸೇ. ಹೊಸ ಕಾಯಿಗೆ ನಮ್ಮವರು ಹೊರಗಿನ ಹೆಸರು ತರಲಿಲ್ಲ, ಮೆಣಸಿಗೆ ಕಾಯಿ ಸೇರಿಸಿ ಮುಗಿಸಿದರು. ಬಟಾಟೆಯ ಹೆಸರನ್ನು ಮಾತ್ರ ಪೋರ್ಚುಗೀಸರಿಂದಲೇ ತೆಗೆದುಕೊಂಡರು. ಎರಡೂ ಕನ್ನಡದ ದಾರಿಯೇ. ಎರವಲು ಪದವೆಲ್ಲ ಗುಲಾಮಗಿರಿ ಎಂದು ಇಲ್ಲಿ ಬರೆದವರು ಈ ಎರಡು ತರಕಾರಿ ನೋಡಿ ಉತ್ತರ ಕೊಡಲಿ.

ಸಾರಿನ ಗೊಂದಲ ತಪ್ಪಲು ಮೆಣಸಿಗೆ "ಕಾಳು" ಸೇರಿಸಿ, ಅಚ್ಚಿಗೆ ಹೀಗೆ ಕೊಡಿ:

ಅಜ್ಜಿ ಕಾಲದ ಅಡುಗೆ
ಕಜ್ಜಾಯ
ಹಾಲುಬಾಯಿ
ಕಾಳುಮೆಣಸಿನ ಸಾರು

"ಹಾಲುಬಾಯಿ" ಒಂದೇ ಪದ. ಅಚ್ಚಿನವರು ನಡುವೆ ಜಾಗ ಬಿಟ್ಟರೆ ಕರಡಿನಲ್ಲೇ ತಿದ್ದಿಸಿ.