ಮಾತ್ರೆ ನುಂಗಿದರೂ ರಕ್ತ ಏರುತ್ತಿಲ್ಲ: ಕೊಕ್ಕೆಹುಳು ಪರೀಕ್ಷೆ ಮಾಡಿಸಿದವರು ಹೇಳಿ

ಸಿದ್ದಾಪುರದ ತಾಯಿ ಕೇಳಿದ್ದು: ಮಗಳಿಗೆ 22 ವರ್ಷ, ತೋಟದ ಕೆಲಸ. ಹಿಮೋಗ್ಲೋಬಿನ್ 8.4 ಇತ್ತು. ಮೂರು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಿದರೂ 9 ದಾಟಿಲ್ಲ. ಮಲ ಪರೀಕ್ಷೆ ಎಂದರೆ ಅವಳಿಗೆ ನಾಚಿಕೆ. ಮುಂದಿನ ವರ್ಷ ಮದುವೆ. ಪರೀಕ್ಷೆ ನಿಜವಾಗಿಯೂ ಬೇಕೇ?

ಸುಂಟಿಕೊಪ್ಪ, ಲೈನ್‌ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಬೆಳೆದವಳು: ಬೇಕು ಅಕ್ಕಾ. ಹೆಣ್ಣುಮಕ್ಕಳಿಗೆ ರಕ್ತ ಕಡಿಮೆ ಇರುವುದೇ ಎಂದು ನನಗೆ ಎರಡು ವರ್ಷ ಬೀಟ್‌ರೂಟ್ ತಿನ್ನಿಸಿದರು. ಟಾನಿಕ್ ಬರೆದುಕೊಟ್ಟ ಯಾರೂ ಕಾಲಿಗೇನು ಹಾಕುತ್ತೀಯ ಎಂದು ಕೇಳಲಿಲ್ಲ. ಮಳೆಗಾಲದಲ್ಲಿ ಬರಿಗಾಲಲ್ಲಿ ಕಳೆ ಕೀಳುತ್ತಿದ್ದೆ. ಬೆರಳ ಸಂದಿ ತುರಿಸಿದರೆ ಜಿಗಣೆ ಕಚ್ಚಿದ್ದೆಂದು ಸುಣ್ಣ ಹಚ್ಚಿ ಸುಮ್ಮನಾಗುತ್ತಿದ್ದೆ. ಕೊನೆಗೆ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು. ಹುಳು ಸಾಯಿಸುವ ಆಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಮಾತ್ರೆ. ಕಬ್ಬಿಣದ ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ನಾಲ್ಕು ತಿಂಗಳಿಗೆ 11.8 ಆಯಿತು.

ಪೊನ್ನಂಪೇಟೆ, ನಿವೃತ್ತ ಲ್ಯಾಬ್ ತಂತ್ರಜ್ಞ: ನೆರಳಿನ ಒದ್ದೆ ಮಣ್ಣು ಕಾಫಿಗೆ ಎಷ್ಟು ಹಿತವೋ ಈ ಹುಳುವಿನ ಮರಿಗೂ ಅಷ್ಟೇ ಹಿತ. ಮರಿ ಅಂಗಾಲಿನ ಚರ್ಮ ಕೊರೆದು ರಕ್ತ ಸೇರಿ, ಶ್ವಾಸಕೋಶ ಹತ್ತಿ, ಗಂಟಲಿಗೆ ಬಂದು, ನುಂಗಿದಾಗ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಚ್ಚಿಕೊಂಡು ಒಂದೊಂದೂ ದಿನಕ್ಕೆ, ಹುಳುವಿನ ಜಾತಿಗೆ ತಕ್ಕಂತೆ, 0.03ರಿಂದ 0.2 ಮಿಲಿಲೀಟರ್ ರಕ್ತ ಖರ್ಚು ಮಾಡಿಸುತ್ತದೆ. ನೂರು ಹುಳುವಿದ್ದರೆ ಲೆಕ್ಕ ನೀವೇ ಹಾಕಿ. ‘ಹುಳ ಬಿದ್ದದ್ದನ್ನು ಕಂಡಿಲ್ಲ’ ಎಂಬ ಮಾತಿಗೆ ಅರ್ಥವಿಲ್ಲ. ಮೊಟ್ಟೆ ಕಾಣಲು ಸೂಕ್ಷ್ಮದರ್ಶಕವೇ ಬೇಕು. ಬೆಳಗಿನ ಮಲವನ್ನು ಮೂತ್ರ ಸೇರದಂತೆ ತೆಗೆದು ತಡಮಾಡದೆ ಕೊಡಿ. ಹಳೆಯದಾದರೆ ಮೊಟ್ಟೆ ಗುರುತಿಸುವುದು ಕಷ್ಟ. (ಕೆಲವರು ಉಪ್ಪಿನಕಾಯಿ ಬಾಟಲಿ ತುಂಬ ತರುತ್ತಿದ್ದರು. ಹೆಬ್ಬೆರಳ ಉಗುರಿನಷ್ಟು ಸಾಕು!) ಒಂದು ಸಲ ಸಿಗದಿದ್ದರೆ ಬೇರೆ ಬೇರೆ ದಿನದ ಮೂರು ಮಾದರಿ ನೋಡಿಸಿ.

ಒಂದು ಸಿಟ್ಟಿನ ಮಾತು. ಜಂತುಹುಳು ನಿವಾರಣಾ ದಿನ, ಫೆಬ್ರವರಿ 10 ಮತ್ತು ಆಗಸ್ಟ್ 10ರಂದು, ಮಾತ್ರೆ ಸಿಗುವುದು 1ರಿಂದ 19 ವರ್ಷದವರಿಗೆ. 20 ತುಂಬಿದ ಹುಡುಗಿ ಆ ಲೆಕ್ಕದಿಂದ ತಪ್ಪಿಹೋಗಬಹುದು. ಬಸುರಿಯಾದರೆ ಮೊದಲ ಮೂರು ತಿಂಗಳು ಆಲ್ಬೆಂಡಜೋಲ್ ಕೊಡುವುದಿಲ್ಲ. ಮದುವೆಗೆ ಮುಂಚೆಯೇ ನೋಡಿಸಿ.

ಮಡಿಕೇರಿಯ ಅಮ್ಮ: ನಮ್ಮ ಮಗಳಿಗೆ ಹುಳು ಸಿಗಲಿಲ್ಲ. ಮುಟ್ಟಿನ ರಕ್ತಸ್ರಾವ ವಿಪರೀತವಾಗಿತ್ತು. ಅದನ್ನೂ ವೈದ್ಯರಿಗೆ ಹೇಳಿ.

ಸಿದ್ದಾಪುರದ ತಾಯಿ: ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇವೆ. ಡಬ್ಬಿ ನಾನೇ ಹಿಡಿದುಕೊಳ್ಳಬೇಕಂತೆ, ಅದೂ ಕಾಣದ ಹಾಗೆ ಸೀರೆಯ ಸೆರಗಿನಲ್ಲಿ.